ಎರಡು ಚೀಲ ಜೋಳ: ಹೊಳೆ ಇಳಿದ ಮೇಲಿನ ಆರು ತಿಂಗಳು

2019ರ ಆಗಸ್ಟ್ ಮೊದಲ ವಾರ ನಮ್ಮ ಕಡೆ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಎರೆ ಹೊಲದಲ್ಲಿ ತೊಗರಿ ಗೇಣುದ್ದ ಎದ್ದು ಬಾಡುತ್ತಾ ನಿಂತಿತ್ತು. ಆದರೂ ಕೃಷ್ಣಾ ಹೊಳೆ ದಿನದಿನಕ್ಕೆ ಮೇಲೇರುತ್ತಿತ್ತು. ಮಳೆ ಬಿದ್ದದ್ದು ದೂರದ ಮಹಾರಾಷ್ಟ್ರದ ಘಟ್ಟದಲ್ಲಿ. ಆ ನೀರು ಆಲಮಟ್ಟಿ ದಾಟಿ, ನಾರಾಯಣಪುರದ ಬಸವಸಾಗರ ದಾಟಿ ರಾಯಚೂರು ಜಿಲ್ಲೆಗೆ ಇಳಿಯಿತು. ಬಸವಸಾಗರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ಮೀರಿತು. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು, ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯೂ ಮುಳುಗಿತು. ಕರಕಲಗಡ್ಡಿಯಂಥ ನಡುಗಡ್ಡೆಗಳ ದಾರಿ ಕಡಿಯಿತು.

ನಾನು ಹೊಳೆ ದಂಡೆಯಿಂದ ಮೂರು ಕಿಲೋಮೀಟರ್ ಮೇಲಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಕೆಳಗಿನ ಊರಿನ ಜನರನ್ನು ನಮ್ಮ ಶಾಲೆಗೇ ಕರೆತಂದರು. ಒಂಬತ್ತು ದಿನ ಅಲ್ಲಿ ಗಂಜಿ ಕೇಂದ್ರ ನಡೆಯಿತು. ಈಗ ಸರ್ಕಾರಿ ಕಾಗದದಲ್ಲಿ ಅದಕ್ಕೆ ಕಾಳಜಿ ಕೇಂದ್ರ ಅಂತಾರೆ. ನಮ್ಮ ಜನ ಇವತ್ತಿಗೂ ಗಂಜಿ ಕೇಂದ್ರ ಅಂತಲೇ ಕರೆಯೋದು.

ಈ ಬರಹ ಆ ಊರಿನ ಒಂದೇ ಒಂದು ಮನೆಯ ಬಗ್ಗೆ. ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಆ ಮನೆಯಾಕೆಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರ ಇಬ್ಬರು ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಹಾಗಾಗಿ ಆಗಸ್ಟ್‌ನಿಂದ ಮುಂದಿನ ಫೆಬ್ರವರಿವರೆಗೆ ಆ ಮನೆಯ ಒಲೆಯಲ್ಲಿ ಏನಾಯಿತು ಅನ್ನೋದನ್ನು ಹತ್ತಿರದಿಂದ ನೋಡಿದೆ, ಕೇಳಿದೆ, ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಮನೆಯಲ್ಲಿ ಆರು ಜನ. ಗಂಡ, ಹೆಂಡತಿ, ಅತ್ತೆ, ಏಳನೇ ತರಗತಿ ಓದುವ ಮಗಳು, ಮೂರನೇ ತರಗತಿಯ ಮಗ, ಎರಡು ವರ್ಷದ ಕೂಸು. ಮೇಲಿನ ಎರೆಯಲ್ಲಿ ಒಂದೂವರೆ ಎಕರೆ ಸ್ವಂತ ಹೊಲ, ಮಳೆ ಬಂದರೆ ಬೆಳೆ. ಹೊಳೆ ದಂಡೆಯಲ್ಲಿ ಎರಡು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಗದ್ದೆ. ಅದಕ್ಕೆ ಸ್ವಂತದ ಪಂಪ್‌ಸೆಟ್. ಹಾಲು ಕೊಡುವ ಒಂದು ಎಮ್ಮೆ. ನಮ್ಮ ಭಾಗದಲ್ಲಿ ಇದು ತೀರಾ ಬಡ ಮನೆಯಲ್ಲ. ದುಡಿದು ಉಣ್ಣುವ ಮನೆ.

ಒಂದು ಮಾತು ಮೊದಲೇ ಹೇಳಬೇಕು. ಅದರ ಹಿಂದಿನ ವರ್ಷ, 2018ರಲ್ಲಿ, ಜಿಲ್ಲೆಯಲ್ಲಿ ಬರ ಘೋಷಣೆಯಾಗಿತ್ತು. ಒಳ್ಳೆ ವರ್ಷದಲ್ಲಿ ಏಳೆಂಟು ಚೀಲ ಜೋಳ ಬೆಳೆಯುತ್ತಿದ್ದ ಆ ಮನೆಗೆ ಹಿಂಗಾರಿಯಲ್ಲಿ ಸಿಕ್ಕಿದ್ದು ನಾಲ್ಕು ಚೀಲ. ಆಗಸ್ಟ್ ಬರುವ ಹೊತ್ತಿಗೆ ಎರಡೂವರೆ ಚೀಲ ಉಳಿದಿತ್ತು. ಬರದಿಂದ ಸೊರಗಿದ ಮನೆಗೆ ಹೊಳೆ ಬಂತು. ಒಂದರ ಗಾಯ ಮಾಯುವ ಮೊದಲೇ ಇನ್ನೊಂದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಮಹಾ ನೆರೆಯನ್ನು ಕಂಡ ಅತ್ತೆ ನನಗೆ ಹೇಳಿದ್ದರು: “ಆವಾಗ ನಮ್ಮ ಮ್ಯಾಲಾ ಮಳಿ ಸುರೀತವ್ವ, ಮನಿ ಬಿದ್ವು. ಆದ್ರ ಹಗೇವಿನಾಗ ಕಾಳಿತ್ತು. ಈ ಸಲ ಮನಿ ನಿಂತೈತಿ, ಕಾಳಿಲ್ಲ.” ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ.

ಶಾಲೆಯ ಒಲೆ

ಜನ ಬಂದ ರಾತ್ರಿ ಮೊದಲು ಒಲೆ ಹಚ್ಚಿದವರು ನಮ್ಮ ಬಿಸಿಯೂಟದ ಅಡುಗೆಯವರು. ಅಧಿಕಾರಿಗಳ ಜೀಪು ಬರುವ ಮುಂಚೆಯೇ ಅನ್ನ ಬೆಂದಿತ್ತು. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ನಮ್ಮಂಥ ಈಶಾನ್ಯದ ಏಳು ಜಿಲ್ಲೆಗಳಲ್ಲೇ. ಹದಿನೇಳು ವರ್ಷದಿಂದ ನೂರಾರು ಜನಕ್ಕೆ ಒಂದೇ ಹೊತ್ತಿಗೆ ಅಡುಗೆ ಮಾಡಿ ಪಳಗಿದ ಕೈಗಳು, ದೊಡ್ಡ ಪಾತ್ರೆಗಳು, ಗ್ಯಾಸ್ ಒಲೆ, ಕೋಣೆಯಲ್ಲಿ ತಿಂಗಳ ಅಕ್ಕಿ ಬೇಳೆ. ನೆರೆ ಬಂದಾಗ ಇದಕ್ಕಿಂತ ದೊಡ್ಡ ಆಸ್ತಿ ಯಾವ ಊರಲ್ಲಿದೆ, ಹೇಳಿ. ಆ ಹೆಣ್ಣುಮಕ್ಕಳಿಗೆ ಆಗ ಸಿಗುತ್ತಿದ್ದ ತಿಂಗಳ ಗೌರವಧನ ಮೂರು ಸಾವಿರಕ್ಕೂ ಕಡಿಮೆ. ಒಂಬತ್ತು ದಿನವೂ ಬೆಳಗ್ಗೆ ಐದಕ್ಕೆ ಬಂದು ರಾತ್ರಿ ಹತ್ತಕ್ಕೆ ಹೋದರು. ಅವರಲ್ಲಿ ಒಬ್ಬರ ಮನೆಯೂ ಕೆಳಗಿನ ಊರಲ್ಲೇ ಮುಳುಗಿತ್ತು.

ಕ್ಷೀರಭಾಗ್ಯದ ಹಾಲಿನ ಪುಡಿ ಕೋಣೆಯಲ್ಲಿತ್ತು. ಅದನ್ನು ಕುದಿಸಿದ ನೀರಿನಲ್ಲಿ ಕದಡಿ ಮಕ್ಕಳಿಗೆ ಕೊಟ್ಟೆವು. ಅದೇ ಹೊತ್ತಿಗೆ ಪಟ್ಟಣದಿಂದ ಬಂದ ದಾನಿಗಳು ನಾಲ್ಕು ತಿಂಗಳ ಹಸುಗೂಸಿನ ತಾಯಿಗೆ ಪುಡಿ ಡಬ್ಬಿಯನ್ನೂ ಹಾಲು ಕುಡಿಸುವ ಬಾಟಲಿಯನ್ನೂ ಕೊಟ್ಟರು. ಒಳ್ಳೆ ಮನಸ್ಸಿನಿಂದಲೇ ಕೊಟ್ಟದ್ದು. ನಮ್ಮ ಆಶಾ ಕಾರ್ಯಕರ್ತೆ ಅದನ್ನು ತೆಗೆದಿಟ್ಟರು. ಹೆದರಿದ ತಾಯಿಗೆ ಹಾಲು ಬತ್ತಿತು ಅನಿಸುತ್ತದೆ, ನಿಜವಾಗಿ ಬತ್ತಿರುವುದಿಲ್ಲ. ಆಕೆಗೆ ಹೊಟ್ಟೆ ತುಂಬ ಊಟ, ಕುಡಿಯಲು ನೀರು, ಕೂತು ಎದೆಗೆ ಹಾಕಿಕೊಳ್ಳಲು ಒಂದು ಮರೆ ಸಿಕ್ಕರೆ ಸಾಕು. ಕೆಸರು ನೀರಿನ ಹೊತ್ತಲ್ಲಿ ತೊಳೆಯದ ಬಾಟಲಿ ಕೂಸಿಗೆ ಭೇದಿ ತರುತ್ತದೆ. ಆ ತಾಯಿಗೆ ಒಂದು ತರಗತಿ ಕೋಣೆಯ ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿಕೊಟ್ಟೆವು. ಎರಡು ದಿನದಲ್ಲಿ ಕೂಸು ಸುಮ್ಮನಾಯಿತು.

ಊಟಕ್ಕೆ ಏನೂ ಕಡಿಮೆ ಇರಲಿಲ್ಲ ಅನ್ನೋದು ಎಲ್ಲರ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ದಿನದ ಖರ್ಚು ಲೆಕ್ಕ ಹಾಕಿದೆ. ಸುಮಾರು ಮುನ್ನೂರ ಹತ್ತು ಜನಕ್ಕೆ 90 ಕಿಲೋ ಅಕ್ಕಿ, 8 ಕಿಲೋ ಬೇಳೆ, 4 ಲೀಟರ್ ಎಣ್ಣೆ. ತಲೆಗೆ ಮುನ್ನೂರು ಗ್ರಾಮ್ ಒಳಗೆ ಅಕ್ಕಿ ಬಂತು. ಎಲ್ಲ ಕೂಡಿಸಿದರೆ ಒಬ್ಬರಿಗೆ ದಿನಕ್ಕೆ ಹೆಚ್ಚೂಕಡಿಮೆ 1,200 ಕ್ಯಾಲೊರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡದಲ್ಲಿ ಪರಿಹಾರ ಕೇಂದ್ರದ ದೊಡ್ಡವರಿಗೆ ದಿನಕ್ಕೆ 2,400, ಮಕ್ಕಳಿಗೆ 1,700 ಕ್ಯಾಲೊರಿ ಎಂದಿದೆ. ನಾವು ಅರ್ಧಕ್ಕೆ ನಿಂತಿದ್ದೆವು. ಹೊಟ್ಟೆ ತುಂಬಿತ್ತು, ಮೈಗೆ ಸಾಕಾಗಿರಲಿಲ್ಲ. ಆ ಕೊರತೆ ತುಂಬಿದ್ದು ರೊಟ್ಟಿ. ಆ ವಾರ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳು ಕೂತು ಕಟಕ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ಟೆಂಪೊ ತುಂಬ ಕಳಿಸಿದರು. ನಮಗೂ ಎರಡು ಗಂಟು ಬಂತು. ಒಲೆ ಬೇಡ, ನೀರು ಬೇಡ, ವಾರ ಇಟ್ಟರೂ ಕೆಡುವುದಿಲ್ಲ. ಬ್ರೆಡ್ಡು ಬಿಸ್ಕತ್ತು ಒಂದು ಮೂಲೆಯಲ್ಲಿ ಉಳಿಯಿತು, ರೊಟ್ಟಿ ಒಂದು ಚೂರೂ ಉಳಿಯಲಿಲ್ಲ.

ಆಗಸ್ಟ್ 15ಕ್ಕೆ ಶಾಲೆಯ ಬಯಲಲ್ಲಿ ಧ್ವಜ ಹಾರಿಸಿದಾಗ ಇಡೀ ಕೆಳಗಿನ ಊರು ನಮ್ಮ ಮಕ್ಕಳ ಜೊತೆ ನಿಂತಿತ್ತು. ಮೂರು ದಿನ ಬಿಟ್ಟು ನೀರು ಇಳಿಯಿತು. ಟ್ರ್ಯಾಕ್ಟರ್‌ಗಳು ಬಂದವು. ಕೇಂದ್ರ ಮುಚ್ಚಿತು.

ಮರಳಿ ಹೋದ ದಿನ

ನಾನು ಎರಡು ದಿನ ಬಿಟ್ಟು ಅಕ್ಕನ ಮನೆಗೆ ಹೋದೆ. ಗೋಡೆಗೆ ಎದೆಮಟ್ಟ ಕೆಸರಿನ ಗೆರೆ. ಒಳಗೆ ಹುಳಿ ವಾಸನೆ. ಆ ವಾಸನೆ ಜೋಳದ್ದು. ಎರಡೂವರೆ ಚೀಲ ಜೋಳ ನೀರುಂಡು ಉಬ್ಬಿ, ಮೊಳಕೆ ಬಂದು, ಕಪ್ಪಾಗಿತ್ತು. ಅಕ್ಕ ಮುದ್ದೆಮುದ್ದೆಯಾಗಿ ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕುತ್ತಿದ್ದರು. ಅಳುತ್ತಿರಲಿಲ್ಲ. “ದನಾನೂ ಮೂಸ್ತಿಲ್ಲ ಟೀಚರ” ಅಂದರು, ಅಷ್ಟೇ.

ಆ ದಿನ ಆ ಮನೆಯಲ್ಲಿ ಅಕ್ಕಿ ಇತ್ತು. ಪರಿಹಾರದ ಕಿಟ್ ಬಂದಿತ್ತು. ಆದರೂ ಒಲೆ ಹೊತ್ತಿರಲಿಲ್ಲ. ಕುಳ್ಳು (ಬೆರಣಿ) ಕರಗಿ ಹೋಗಿದ್ದವು. ಹತ್ತಿಕಟ್ಟಿಗೆ ಒದ್ದೆ. ಗ್ಯಾಸ್ ಸಿಲಿಂಡರ್ ಖಾಲಿ ಇದ್ದದ್ದು ತೇಲಿಕೊಂಡು ಹೋಗಿತ್ತು. ಬೆಂಕಿಪೊಟ್ಟಣ ಇಲ್ಲ. ಕುಡಿಯುವ ನೀರಿನ ಕೊಳವೆಬಾವಿಗೆ ಕರೆಂಟಿಲ್ಲ. ಅಕ್ಕಿ ಕೊಟ್ಟರೆ ಅನ್ನ ಕೊಟ್ಟಂತೆ ಅಂತ ನಾವು ತಿಳಿಯುತ್ತೇವೆ ಅಲ್ವಾ? ಅವೆರಡರ ನಡುವೆ ಉರುವಲು, ನೀರು, ಉಪ್ಪು, ಪಾತ್ರೆ, ಒಂದು ಒಣ ಜಾಗ ಎಲ್ಲ ಇರಬೇಕು.

ಗಿರಣಿಯ ವಿಷಯ ನನಗೆ ಮೊದಲು ಹೊಳೆದೇ ಇರಲಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಮುಳುಗಿತ್ತು. ಕರೆಂಟು ಬರಲು ಇಪ್ಪತ್ಮೂರು ದಿನ ಬೇಕಾಯಿತು. ಹೆಚ್ಚೂಕಡಿಮೆ ಅಷ್ಟೂ ದಿನ ಹಿಟ್ಟಿನ ಗಿರಣಿ ನಿಂತಿತ್ತು. ಯಾರೋ ನೆಂಟರು ಇಪ್ಪತ್ತು ಕಿಲೋ ಜೋಳ ತಂದುಕೊಟ್ಟರೂ ಬೀಸುವುದು ಎಲ್ಲಿ? ಮನೆಯ ಬೀಸುಕಲ್ಲು ಬಿಟ್ಟು ಒಂದು ತಲೆಮಾರಾಯಿತು. ನಮ್ಮ ಊರಿಗೆ ಬರಬೇಕೆಂದರೆ ದಾರಿ ಕೊಚ್ಚಿಹೋಗಿ ಬಸ್ಸಿಲ್ಲ. ರೊಟ್ಟಿ ಉಣ್ಣುವ ಜನ ಒಂದು ತಿಂಗಳು ಬರೀ ಅನ್ನದ ಮೇಲೆ ನಿಂತರು. ಅಕ್ಕನ ಗಂಡ ಹೇಳುತ್ತಿದ್ದರು: “ಅನ್ನ ಉಂಡ್ರ ಹನ್ನೊಂದಕ್ಕ ಮತ್ತ ಹಸಿವ್ರಿ. ಕೆಸರು ಹೊರೋ ಕೆಲಸಕ್ಕ ಕಸುವು ಸಾಲಂಗಿಲ್ಲ.”

2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ಪರಿಹಾರ ಕೇಂದ್ರದಲ್ಲಿ ಊಟ, ನೀರು, ಆಸರೆ, ಔಷಧ ಇವುಗಳ ಕನಿಷ್ಠ ಮಟ್ಟ ಹೇಳಬೇಕು ಎನ್ನುತ್ತದೆ. ಕೇಂದ್ರ ಮುಚ್ಚಿದ ಮರುದಿನದ ಊಟದ ಬಗ್ಗೆ ಅಷ್ಟು ಖಚಿತವಾದ ಮಾತಿಲ್ಲ. 2011ರಲ್ಲಿ ಸಂಸತ್ತಿಗೆ ಬಂದ ಆಹಾರ ಭದ್ರತಾ ಮಸೂದೆಯಲ್ಲಿ ಒಂದು ಕಲಮು ಇತ್ತು. ವಿಪತ್ತಿಗೆ ಸಿಕ್ಕ ಮನೆಗಳಿಗೆ ಮೂರು ತಿಂಗಳವರೆಗೆ ದಿನಕ್ಕೆ ಎರಡು ಊಟ ಉಚಿತವಾಗಿ ಕೊಡಬೇಕು ಅಂತ. 2013ರಲ್ಲಿ ಕಾಯ್ದೆ ಆಗುವ ಹೊತ್ತಿಗೆ ಆ ಕಲಮು ಉಳಿಯಲಿಲ್ಲ. ಅದು ಉಳಿದಿದ್ದರೆ ಅಕ್ಕನ ಮನೆಯ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಬೇರೆ ಥರ ಇರುತ್ತಿದ್ದವು ಎಂದು ನಾನು ಬಲವಾಗಿ ನಂಬುತ್ತೇನೆ.

ತಿಂಗಳಿಗೆ 35 ಕಿಲೋ

ಆ ವರ್ಷ ಅನ್ನಭಾಗ್ಯದಲ್ಲಿ ಬಿಪಿಎಲ್ ಕಾರ್ಡಿನ ಒಬ್ಬರಿಗೆ ತಿಂಗಳಿಗೆ 7 ಕಿಲೋ ಅಕ್ಕಿ. ಮನೆಯಲ್ಲಿ ಆರು ಜನ, ಕಾರ್ಡಿನಲ್ಲಿ ಐದು ಹೆಸರು. ಕೂಸಿನ ಹೆಸರು ಸೇರಿಸಿರಲಿಲ್ಲ. ಹಾಗಾಗಿ 35 ಕಿಲೋ.

ಅಕ್ಕ ಮತ್ತು ನಾನು ಕೂತು ಅವರ ಮನೆಯ ದಿನದ ಕಾಳಿನ ಲೆಕ್ಕ ಹಾಕಿದೆವು. ದುಡಿಯುವ ಮೂವರಿಗೆ ತಲಾ 450 ಗ್ರಾಮ್. ಅತ್ತೆಯೂ ದುಡಿಯುವವರೇ, ಅವರನ್ನು ಬಿಟ್ಟು ಲೆಕ್ಕ ಹಾಕಬೇಡಿ ಅಂತ ಅಕ್ಕ ಹೇಳಿದರು. ಮಗಳಿಗೆ 400, ಮಗನಿಗೆ 300, ಕೂಸಿಗೆ 100. ದಿನಕ್ಕೆ ಎರಡು ಕಿಲೋ ಮೇಲೆ ಸ್ವಲ್ಪ. ತಿಂಗಳಿಗೆ 65 ಕಿಲೋ. ರೇಷನ್ ಅಕ್ಕಿ ಹದಿನಾರು ದಿನಕ್ಕೆ ಮುಗಿಯುತ್ತದೆ. ಉಳಿದ ಹದಿನಾಲ್ಕು ದಿನ ಯಾವಾಗಲೂ ಆ ಮನೆಯನ್ನು ಸಾಕಿದ್ದು ಸ್ವಂತ ಜೋಳ. ತಿಂಗಳಿಗೆ 30 ಕಿಲೋ.

ಸೆಪ್ಟೆಂಬರ್‌ನಿಂದ ಫೆಬ್ರವರಿ. ಆರು ತಿಂಗಳು. 180 ಕಿಲೋ. ನಮ್ಮ ಕಡೆ ಚೀಲ ಅಂದರೆ ಒಂದು ಕ್ವಿಂಟಲ್. ಎರಡು ಚೀಲಕ್ಕೂ ಕಡಿಮೆ.

ಈ ಅಂಕಿಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಮನೆಯ ಆರು ತಿಂಗಳ ಹಸಿವು ಒಟ್ಟು ಎರಡು ಚೀಲ ಜೋಳದಷ್ಟು. ಆ ವರ್ಷ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,550 ರೂಪಾಯಿ. ಆ ಲೆಕ್ಕದಲ್ಲಿ ಎರಡು ಚೀಲಕ್ಕೆ 5,100. ಮಾರುಕಟ್ಟೆಯಲ್ಲಿ ಅದಕ್ಕಿಂತ ಜಾಸ್ತಿ, ಇರಲಿ. ಈಗ ಆ ಎರಡು ಚೀಲ ಇಲ್ಲದ್ದಕ್ಕೆ ಆ ಮನೆ ಏನೇನು ಕಳೆದುಕೊಂಡಿತು ನೋಡಿ.

ಮೊದಲು ಹೋದದ್ದು ಎಮ್ಮೆ. ಕಣಿಕೆಯ, ಅಂದರೆ ಜೋಳದ ದಂಟಿನ ಮೇವಿನ, ಬಣವಿ ಕೊಚ್ಚಿಹೋಗಿತ್ತು. ದಂಡೆಯ ಹುಲ್ಲಿನ ಮೇಲೆಲ್ಲ ಕೆಸರು. ಮೇವು ಕೊಳ್ಳಲು ದುಡ್ಡಿಲ್ಲ. ಸುತ್ತಲಿನ ಊರುಗಳ ಜನರೆಲ್ಲ ಒಂದೇ ವಾರ ಸಂತೆಗೆ ದನ ಹೊಡೆದುಕೊಂಡು ಹೋದರೆ ಬೆಲೆ ಎಲ್ಲಿ ಬರುತ್ತದೆ? ಕೊಂಡ ಬೆಲೆಯ ಅರ್ಧಕ್ಕೆ ಮಾರಿದರು. ಆಗಿನ ವಿಪತ್ತು ಪರಿಹಾರ ನಿಯಮದಲ್ಲಿ ನೆರೆಯಲ್ಲಿ ಸತ್ತ ಎಮ್ಮೆಗೆ 30,000 ರೂಪಾಯಿ ಪರಿಹಾರ ಇತ್ತು. ಮೇವಿಲ್ಲದೆ ಅರ್ಧ ಬೆಲೆಗೆ ಹೋದ ಎಮ್ಮೆಗೆ ಏನೂ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಯಾರಾದರೂ ಹತ್ತು ಹೊರೆ ಕಣಿಕೆ ಕೊಟ್ಟಿದ್ದರೆ ಎಮ್ಮೆ ಉಳಿಯುತ್ತಿತ್ತು, ಮಕ್ಕಳಿಗೆ ಹಾಲು ಉಳಿಯುತ್ತಿತ್ತು, ಡೈರಿಗೆ ಹಾಕಿ ಬರುವ ವಾರದ ಎಣ್ಣೆ ಬೇಳೆ ದುಡ್ಡೂ ಉಳಿಯುತ್ತಿತ್ತು.

ಆಮೇಲೆ ಮಗಳು. ಅಕ್ಟೋಬರ್‌ನಲ್ಲಿ ಮೇಲಿನ ಊರುಗಳಲ್ಲಿ ಹತ್ತಿ ಬಿಡಿಸಲು ಶುರು. ಕಿಲೋ ಲೆಕ್ಕದ ಕೂಲಿ. ದಸರಾ ರಜೆಯಲ್ಲಿ ಅಮ್ಮನ ಜೊತೆ ಹೋದ ಹುಡುಗಿ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನೇ ದಿನಾ ಅವಳ ಹೆಸರಿನ ಮುಂದೆ ಗೈರು ಬರೆಯುತ್ತಿದ್ದೆ. ಶಾಲೆ ತಪ್ಪಿದರೆ ಬಿಸಿಯೂಟವೂ ತಪ್ಪುತ್ತದೆ. ಇನ್ನು ದಸರಾ ರಜೆಯಲ್ಲಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ನಿಂತಿತ್ತು. ಬರದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನೆರೆಯ ಊರಿನ ದಸರಾ ರಜೆಗೂ ಅದೇ ನ್ಯಾಯ ಬೇಡವೇ? ಅಡುಗೆಯವರು ಸಿದ್ಧ ಇದ್ದರು. ಅಕ್ಕಿ ಕೋಣೆಯಲ್ಲಿತ್ತು. ನಾವು ಕೇಳಲಿಲ್ಲ. ಕೇಳಬಹುದು ಅನ್ನೋದೇ ನನಗೆ ಆಗ ತಿಳಿದಿರಲಿಲ್ಲ. ಈ ತಪ್ಪು ನನ್ನದು.

ಕೂಸಿನ ವಿಷಯ ಬರೆಯುವುದು ಕಷ್ಟ. ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಪಟ್ಟಿ ಇರುತ್ತದೆ. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರ್ ಕೆಳಗಿಳಿದರೆ ಹಳದಿ, 11.5ರ ಕೆಳಗಿಳಿದರೆ ಕೆಂಪು. ಕೆಂಪೆಂದರೆ ತೀವ್ರ ಅಪೌಷ್ಟಿಕತೆ. ಆಗಸ್ಟ್‌ನಲ್ಲಿ ಆ ಕೂಸು ಹಸಿರಿನಲ್ಲಿತ್ತು. ನವೆಂಬರ್‌ನಲ್ಲಿ 12.1. ನಡುವೆ ಎರಡು ಸಲ ಭೇದಿ, ಹಾಲಿಲ್ಲ, ಅಮ್ಮ ಬೆಳಗ್ಗೆ ಆರಕ್ಕೆ ಹತ್ತಿ ಹೊಲಕ್ಕೆ. ಅಜ್ಜಿ ಅನ್ನದ ಗಂಜಿ ಕುಡಿಸುತ್ತಿದ್ದರು. ಹೊಳೆ ನೀರು ಈ ಕೂಸನ್ನು ಮುಟ್ಟಿರಲಿಲ್ಲ. ಆಗಸ್ಟ್ 10ರ ರಾತ್ರಿ ಅಪ್ಪನ ಹೆಗಲ ಮೇಲೆ ಒಣ ಮೈಯಲ್ಲೇ ಶಾಲೆಗೆ ಬಂದಿತ್ತು. ರಾಯಚೂರಿಗೆ ಅಪೌಷ್ಟಿಕತೆ ಹೊಸದಲ್ಲ. ಇಲ್ಲಿನ ಮಕ್ಕಳ ಸಾವಿನ ಸುದ್ದಿಯ ಮೇಲೆಯೇ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಆಗಿ, 2012ರಲ್ಲಿ ವರದಿ ಕೊಟ್ಟಿತ್ತು. ಅಂಥ ಜಿಲ್ಲೆಯಲ್ಲಿ ನೆರೆ ಬಂದ ಊರಿನ ಮಕ್ಕಳ ತೋಳನ್ನು ನೀರು ಇಳಿದ ಮೇಲೆ ಆರು ತಿಂಗಳು, ತಿಂಗಳು ತಪ್ಪದೆ ಅಳೆಯಬೇಕು. ಅದಕ್ಕೆ ಹೊಸ ಯೋಜನೆ ಬೇಡ. ಪಟ್ಟಿ ಇದೆ, ಅಂಗನವಾಡಿ ಇದೆ.

ಅಕ್ಕ ತಾವು ಎಷ್ಟು ಉಣ್ಣುತ್ತಿದ್ದರು? ಮೂರು ಸಲ ಕೇಳಿದೆ. ಮೂರು ಸಲವೂ ಮಾತು ತೇಲಿಸಿದರು. ನಾಲ್ಕನೇ ಸಲ ಅತ್ತೆಯೇ ಹೇಳಿದರು: “ಅಕಿ ರಾತ್ರಿ ಉಣ್ಣಾಂಗಿಲ್ಲ ಟೀಚರ. ಹೊಟ್ಟಿ ಉಬ್ಬರ ಅಂತಾಳ.”

ದುಡ್ಡು

ದುಡ್ಡು ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ನೀರು ನುಗ್ಗಿದವರಿಗೆ ರಾಜ್ಯ ಸರ್ಕಾರ ಆ ಸಲ 10,000 ರೂಪಾಯಿ ಕೊಟ್ಟಿತು. ಕೇಂದ್ರದ ನಿಯಮದಂತೆ ಬಟ್ಟೆ ಪಾತ್ರೆಗೆ ಸಿಗುತ್ತಿದ್ದದ್ದು 3,800, ಉಳಿದದ್ದು ರಾಜ್ಯ ಸೇರಿಸಿದ್ದು. ಅಕ್ಕನ ಖಾತೆಗೆ ಸೆಪ್ಟೆಂಬರ್ ಮೊದಲ ವಾರ ಬಂತು. ಮೋಟಾರು ಬಿಚ್ಚಿ ಸುತ್ತಿಸಲು, ಪೈಪಿಗೆ ಆರು ಸಾವಿರ. ಅಂಗಡಿ ಉದ್ರಿಗೆ ಎರಡೂವರೆ ಸಾವಿರ. ಕೂಸಿನ ಆಸ್ಪತ್ರೆಗೆ ಏಳುನೂರು. ಉಳಿದದ್ದು ಒಂದು ಪಾತ್ರೆ, ಎರಡು ಚಾದರಿಗೆ. ಮೋಟಾರಿಗೆ ಹಾಕಿದ್ದು ತಪ್ಪೇ? ಅಲ್ಲ. ಮೋಟಾರಿಲ್ಲದೆ ಗದ್ದೆಯಿಲ್ಲ. ಹೊಟ್ಟೆಗೆ ಮತ್ತು ಬದುಕಿಗೆ ಒಂದೇ ದುಡ್ಡು ಕೊಟ್ಟರೆ ಜನ ಬದುಕನ್ನು ಆರಿಸಿಕೊಂಡು ಹೊಟ್ಟೆ ಕಟ್ಟುತ್ತಾರೆ.

ಬೆಳೆ ಪರಿಹಾರವೂ ಒಳ್ಳೆಯದೇ ಇತ್ತು. ಕೇಂದ್ರದ ನಿಯಮಕ್ಕೆ ರಾಜ್ಯ ಹೆಕ್ಟೇರಿಗೆ 10,000 ಸೇರಿಸಿ ಖುಷ್ಕಿಗೆ 16,800, ನೀರಾವರಿಗೆ 23,500 ಮಾಡಿತು. ಎರಡು ಎಕರೆ ಗದ್ದೆಗೆ ಸುಮಾರು 19,000 ಆಗುತ್ತದೆ. ಆದರೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಗದ್ದೆ ಲಾವಣಿಯದು. ಬೀಜ ಇವರದು, ಗೊಬ್ಬರ ಇವರದು, ನಾಟಿಯ ಕೂಲಿ ಇವರದು. ದುಡ್ಡು ಹೊಲದ ಧಣಿಯ ಖಾತೆಗೆ ಹೋಯಿತು. ಧಣಿ ಕೆಟ್ಟವರಲ್ಲ. ಮುಂದಿನ ವರ್ಷದ ಲಾವಣಿಯಲ್ಲಿ ಮುರಿದುಕೊಳ್ಳೋಣ ಅಂದರು. ಮುಂದಿನ ವರ್ಷದ ಮಾತು ಈ ವರ್ಷದ ಒಲೆಗೆ ಬರುವುದಿಲ್ಲವಲ್ಲ. ಪಕ್ಕದ ಮನೆಯಲ್ಲಿ ಇನ್ನೊಂದು ಥರ. ಪಹಣಿ ಸತ್ತ ತಂದೆಯ ಹೆಸರಲ್ಲೇ ಇತ್ತು, ಫೌತಿ ಖಾತೆ ಆಗಿರಲಿಲ್ಲ. ಅವರಿಗೂ ಬರಲಿಲ್ಲ.

ಉದ್ಯೋಗ ಖಾತ್ರಿ ಇತ್ತು. ಆ ವರ್ಷ ದಿನಗೂಲಿ 249 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಹನ್ನೆರಡು ದಿನ ದುಡಿದರೆ 5,976. ಅಂದರೆ ಆ ಎರಡು ಚೀಲ ಜೋಳ. ಊರ ತುಂಬ ತೆಗೆಯಬೇಕಾದ ಕೆಸರಿತ್ತು, ಕಟ್ಟಬೇಕಾದ ಬದುಗಳಿದ್ದವು. ಸೆಪ್ಟೆಂಬರ್‌ನಲ್ಲಿ ಅರ್ಜಿ ಕೊಟ್ಟವರಿಗೆ ಕೆಲಸ ಸಿಕ್ಕಿದ್ದು ನವೆಂಬರ್ ಕೊನೆಗೆ. ಅಷ್ಟೊತ್ತಿಗೆ ಊರಿನ ಅರ್ಧ ಗಂಡಸರು ಬೆಂಗಳೂರಿಗೆ ಗುಳೆ ಹೋಗಿದ್ದರು.

ಕಾಳಿನ ಸಾಲ

ನಮ್ಮಿಂದ ಆದದ್ದು ಕಡಿಮೆ, ತಡವಾಗಿಯೂ ಆಯಿತು. ಆದರೂ ಬರೆಯುತ್ತೇನೆ, ಬೇರೆ ಊರಿನವರಿಗೆ ಬೇಕಾದೀತು.

ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿಗಳು ಹಾಸಿಗೆ ಹೊದಿಕೆ ಕಳಿಸುತ್ತೇವೆ ಅಂತ ಫೋನ್ ಮಾಡಿದರು. ಶಾಲೆಯ ಒಂದು ಕೋಣೆ ಆಗಲೇ ಹಳೆ ಬಟ್ಟೆಯಿಂದ ತುಂಬಿತ್ತು. ಬಟ್ಟೆ ಬೇಡ, ಗಿರಣಿಗೆ ಡೀಸೆಲ್ ಕೊಡಿಸಿ ಅಂದೆ. ನಮ್ಮ ಊರಿನಲ್ಲಿ ಒಬ್ಬರ ಹತ್ತಿರ ಹಳೆಯ ಡೀಸೆಲ್ ಎಂಜಿನ್ ಇತ್ತು. ಅದನ್ನು ಟ್ರ್ಯಾಕ್ಟರ್ ಮೇಲೆ ಕೆಳಗಿನ ಊರಿಗೆ ಒಯ್ದು ಗಿರಣಿಗೆ ಜೋಡಿಸಿದರು. ಕರೆಂಟು ಬಂದದ್ದು ಅದಾಗಿ ಮೂರೇ ದಿನಕ್ಕೆ. ಮೊದಲ ವಾರವೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ನವೆಂಬರ್‌ನಲ್ಲಿ ಹೆಣ್ಣುಮಕ್ಕಳ ಸಂಘದ ಸಭೆಯಲ್ಲಿ ಅಕ್ಕ ಎದ್ದು ನಿಂತು ಕೇಳಿದರು: “ರೊಕ್ಕದ ಸಾಲ ಬ್ಯಾಡ. ಕಾಳು ಕೊಡ್ರಿ, ಕಾಳು ತಿರುಗಿ ಕೊಡ್ತೀವಿ.” ಕಾಳಿನ ಸಾಲ ನಮ್ಮಲ್ಲಿ ಹಳೆಯದು. ಸಾಹುಕಾರರ ಹತ್ತಿರ ಅದು ಸವಾಯಿ ಲೆಕ್ಕ. ನಾಲ್ಕು ಸೇರು ತಂದರೆ ಸುಗ್ಗಿಗೆ ಐದು ಸೇರು ಅಳೆಯಬೇಕು. ಸಂಘದವರು ತಂದಷ್ಟೇ ತಿರುಗಿ ಕೊಟ್ಟರೆ ಸಾಕು ಅಂದರು. ನಾವು ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಸೇರಿ ರಾಯಚೂರಿನ ಎಪಿಎಂಸಿಯಿಂದ ಹದಿನಾಲ್ಕು ಚೀಲ ಜೋಳ ತರಿಸಿದೆವು. ಮನೆಗೆ ಒಂದರಂತೆ ಹದಿನಾಲ್ಕು ಮನೆಗೆ ಹೋಯಿತು. ಯಾರ ಮನೆಗೆ ಅನ್ನೋದನ್ನು ಹೆಣ್ಣುಮಕ್ಕಳೇ ತೀರ್ಮಾನ ಮಾಡಿದರು. ಯಾರ ಒಲೆ ರಾತ್ರಿ ಹೊತ್ತುವುದಿಲ್ಲ ಅನ್ನೋದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮಾರ್ಚ್ ಒಳಗೆ ಹನ್ನೊಂದು ಚೀಲ ವಾಪಸ್ ಬಂದವು. ಬಾರದ ಮೂರು ಮನೆಗಳನ್ನು ಯಾರೂ ಕೇಳಲಿಲ್ಲ.

ಒಂದು ಚೀಲ ಬಂದ ಮೇಲೆ ಅಕ್ಕನ ಮನೆಯಲ್ಲಿ ಕಂಡ ಬದಲಾವಣೆ ಹೇಳುತ್ತೇನೆ. ಡಿಸೆಂಬರ್ ಎರಡನೇ ವಾರ ಮಗಳು ಶಾಲೆಗೆ ಬಂದಳು. ಕೈಬೆರಳ ತುದಿಗಳೆಲ್ಲ ಹತ್ತಿಕಾಯಿ ಚುಚ್ಚಿ ಬಿರಿದಿದ್ದವು. ಏನೂ ಕೇಳದೆ ಅವಳ ಹೆಸರಿನ ಮುಂದೆ ಹಾಜರಿ ಹಾಕಿದೆ. ಜನವರಿಯಲ್ಲಿ ಕೂಸಿನ ತೋಳು 12.6.

ಆ ವರ್ಷದ ಎಳ್ಳ ಅಮಾವಾಸ್ಯೆ ಡಿಸೆಂಬರ್ ಕೊನೆಯ ವಾರ ಬಂತು. 26ಕ್ಕೆ ಸೂರ್ಯಗ್ರಹಣವೂ ಇತ್ತು. ಚರಗ ಚೆಲ್ಲಲು ಅಕ್ಕ ನನ್ನನ್ನು ಹೊಲಕ್ಕೆ ಕರೆದರು. ಹೊಳೆ ಬಿಟ್ಟುಹೋದ ಹಸಿಗೆ ಹತ್ತಿರದ ಹೊಲಗಳಲ್ಲಿ ಜೋಳ ಆಳೆತ್ತರ ಎದ್ದಿತ್ತು. ಇವರ ಒಂದೂವರೆ ಎಕರೆಯಲ್ಲಿ ಬಿತ್ತಿದ್ದು ತಡವಾಗಿ, ಬೀಜ ಕಡ ತಂದು. ಇನ್ನೂ ಸೊಂಟದ ಮಟ್ಟ. ಪ್ರತಿ ವರ್ಷದ ಹಾಗೆ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಇರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ, ಸ್ವಲ್ಪ ಬೆಲ್ಲದ ಕಡುಬು. ಅತ್ತೆ ಬುಟ್ಟಿಯಿಂದ ಮೊದಲ ಹಿಡಿ ತೆಗೆದು ಹೊಲಕ್ಕೆ ಚೆಲ್ಲಿದರು. ಆಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಉಂಡೆವು. ಅಕ್ಕ ಎರಡು ರೊಟ್ಟಿ ಉಂಡರು. ನಾನು ಎಣಿಸುತ್ತಿದ್ದೆ.

ಫೆಬ್ರವರಿ ಕೊನೆಗೆ ಐದು ಚೀಲ ಆಯಿತು. ಒಂದನ್ನು ಸಂಘಕ್ಕೆ ಅಳೆದರು. ಆ ವರ್ಷದಿಂದ ಕೆಳಗಿನ ಊರಿನ ಹಲವು ಮನೆಯವರು ಮೃಗಶಿರಾ ಮಳೆ ಹೊತ್ತಿಗೆ ಎರಡು ಚೀಲ ಜೋಳವನ್ನು ಟ್ರ್ಯಾಕ್ಟರ್‌ನಲ್ಲಿ ಹೇರಿ ಮೇಲಿನ ಊರಿನ ನೆಂಟರ ಮನೆಯಲ್ಲಿ ಇಟ್ಟು ಬರುತ್ತಾರೆ. ನೆಂಟರಿಲ್ಲದವರು ನಮ್ಮ ಅಡುಗೆಯವರ ಮನೆಗಳಲ್ಲಿ. ಚೀಲದ ಬಾಯಿಗೆ ಹಳೆಯ ಸೀರೆಯ ಅಂಚು ಕಟ್ಟಿರುತ್ತದೆ. ಯಾರ ಸೀರೆ ಅನ್ನೋದೇ ಗುರುತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರಿನ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಅಕ್ಕನ ತಂಗಿಯ ಮನೆ ಆ ಹೊಳೆಯ ದಂಡೆಯಲ್ಲಿದೆ. ಮರುದಿನ ಬೆಳಗ್ಗೆ ಅಕ್ಕ ನಮ್ಮ ಶಾಲೆಯ ಮುಂದೆ ಬಸ್ಸಿಗೆ ಕಾಯುತ್ತಾ ತಂಗಿಗೆ ಫೋನ್ ಮಾಡುತ್ತಿದ್ದರು. ಬಂಗಾರ, ಕಾಗದ ಪತ್ರ ಎಲ್ಲ ಚೀಲಕ್ಕೆ ಹಾಕಿಕೊಂಡಿದ್ದೇನೆ ಅಂತ ಆ ಕಡೆಯಿಂದ ತಂಗಿ ಹೇಳಿರಬೇಕು.

“ಅದಿರ್ಲಿ” ಅಂದರು ಅಕ್ಕ. “ಜೋಳ ಎಲ್ಲಿಟ್ಟಿ? ಎಮ್ಮಿಗೆ ಕಣಿಕಿ ಎಷ್ಟೈತಿ?”

ಹೊಳೆ ಆ ಮನೆಯೊಳಗೆ ಬರಲಿಲ್ಲ. ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಅಷ್ಟೊತ್ತಿಗೆ ತಂಗಿಯ ಜೋಳ ಅಕ್ಕನ ಸೀರೆ ಅಂಚು ಕಟ್ಟಿಸಿಕೊಂಡು ನಮ್ಮ ಊರಿನ ಅಡುಗೆಯವರ ಅಟ್ಟದ ಮೇಲೆ ಕೂತಿತ್ತು.